ನೆರಳು ಹಿಡಿಯುವ ವಿದ್ಯೆಗೆ ಯಾವ ಶಾಲೆ?

ಪರೀಕ್ಷೆಯ ಫಲಿತಾಂಶಗಳು ಬರುವ ಕಾಲದಲ್ಲಿ ಉಪಾಧ್ಯಾಯನ ಮನೆಯ ಜಗಲಿಗೆ ಬಿಡುವಿರುವುದಿಲ್ಲ. ಈ ಸಲ ಹೊಳೆನರಸೀಪುರದ ಕಡೆಯ ರೈತರೊಬ್ಬರು ಮಗನನ್ನು ಕರೆದುಕೊಂಡು ಬಂದಿದ್ದರು. ಹುಡುಗ ಹೈಸ್ಕೂಲಿನಲ್ಲಿ ನನ್ನ ಬಳಿ ಕನ್ನಡ ಕಲಿತವನು, ಈಗ ಪಿ.ಯು.ಸಿ. ಮುಗಿಸಿದ್ದಾನೆ. ತಂದೆ ಕುಳಿತ ಕೂಡಲೇ ದೂರು ಹೇಳಿದರು.

"ಮೇಷ್ಟ್ರೇ, ಇವನಿಗೆ ನೀವೇ ಒಂದು ಮಾತು ಹೇಳಬೇಕು. ಫೋಟೋಗ್ರಫಿ ಓದ್ತೀನಿ ಅಂತಾನೆ. ಫೋಟೋ ತೆಗೆಯೋಕೂ ಕಾಲೇಜು ಬೇಕಾ? ನಮ್ಮನೇಲಿ ಮೂರು ಫೋನಿದಾವೆ, ಮೂರರಲ್ಲೂ ಫೋಟೋ ಬರುತ್ತೆ."

ಹುಡುಗ ತಲೆ ತಗ್ಗಿಸಿಕೊಂಡೇ ಹೇಳಿದ: "ಓದೋದಂತೂ ನಿಜ ಸಾರ್. ಎಲ್ಲಿ ಓದಬೇಕು ಅನ್ನೋದೇ ಗೊತ್ತಾಗ್ತಿಲ್ಲ."

ತಂದೆಯದೊಂದು ಪ್ರಶ್ನೆ, ಮಗನದೊಂದು ಪ್ರಶ್ನೆ. ಎರಡಕ್ಕೂ ನಾನು ಅಂದೇ ಉತ್ತರ ಹೇಳಲಿಲ್ಲ. ಒಂದು ವಾರ ಬಿಟ್ಟು ಬನ್ನಿ ಎಂದೆ. ಆ ವಾರದಲ್ಲಿ ಯೋಚಿಸಿದ್ದನ್ನು ಓದುಗರ ಮುಂದೆಯೂ ಇಡುತ್ತಿದ್ದೇನೆ. ಈ ವಿದ್ಯೆ ನಮ್ಮ ನಾಡಿಗೆ ಬಂದ ಬಗೆ, ನಮ್ಮವರು ಅದನ್ನು ಕಲಿತ ಬಗೆ, ಇವೆರಡನ್ನು ತಿಳಿದರೆ ಇಂದಿನ ಆಯ್ಕೆ ಸುಲಭವಾಗದಿದ್ದರೂ ಸ್ಪಷ್ಟವಾಗುತ್ತದೆ ಎಂಬುದು ನನ್ನ ನಂಬಿಕೆ.

ಕನ್ನಡ ಪಂಡಿತನಾದ ನಾನು ಮೊದಲು ಶಬ್ದವನ್ನು ನೋಡಬೇಕಷ್ಟೆ. 'ಫೋಟೋಗ್ರಫಿ' ಎಂಬುದು ಗ್ರೀಕ್ ಮೂಲದ ಮಾತು. ಬೆಳಕಿನ ಬರಹ ಎಂದು ಅದರ ಅರ್ಥ. ನಮ್ಮವರು ಅದನ್ನು 'ಛಾಯಾಗ್ರಹಣ' ಎಂದರು. ಛಾಯೆ ಎಂದರೆ ನೆರಳು, ಗ್ರಹಣ ಎಂದರೆ ಹಿಡಿಯುವುದು. ಅವರು ಬೆಳಕನ್ನು ಹೆಸರಿಸಿದರು, ನಾವು ನೆರಳನ್ನು ಹೆಸರಿಸಿದೆವು. ಎರಡೂ ಸರಿಯೇ. ಎಲ್ಲವೂ ಬೆಳಕಾದರೆ ಚಿತ್ರವಿಲ್ಲ, ಎಲ್ಲವೂ ನೆರಳಾದರೂ ಚಿತ್ರವಿಲ್ಲ. ಗುಂಡಿ ಒತ್ತುವುದಕ್ಕೆ ವಿದ್ಯೆ ಬೇಡ. ಎಷ್ಟು ಬೆಳಕು, ಎಷ್ಟು ನೆರಳು ಎಂಬ ವಿವೇಕಕ್ಕೆ ವಿದ್ಯೆ ಬೇಕು. ತಂದೆಯ ಪ್ರಶ್ನೆಗೆ ಅರ್ಧ ಉತ್ತರ ಇಲ್ಲಿಯೇ ಸಿಕ್ಕಿತು.

ಇನ್ನು ಇತಿಹಾಸ. ಫ್ರಾನ್ಸಿನ ದಾಗೇರನ ಕ್ರಮ ಲೋಕಕ್ಕೆ ಪ್ರಕಟವಾದದ್ದು ೧೮೩೯ರಲ್ಲಿ. ಅದಾಗಿ ಹದಿನೇಳೇ ವರ್ಷಗಳಲ್ಲಿ, ೧೮೫೬ರಲ್ಲಿ, ಕ್ಯಾಪ್ಟನ್ ಓಕ್ಲಿ ಎಂಬ ಆಂಗ್ಲ ಅಧಿಕಾರಿ ನಮ್ಮ ಹಾಸನ ಸೀಮೆಯ ಹಳೇಬೀಡಿಗೆ ಕ್ಯಾಮರಾ ತಂದ. ಹೊಯ್ಸಳೇಶ್ವರ ದೇವಾಲಯದ ಗೋಡೆಗಳನ್ನು ಒಂದೊಂದಾಗಿ ಚಿತ್ರಿಸಿದ. ಆ ೫೬ ಚಿತ್ರಗಳ ಸಂಪುಟ ೧೮೫೯ರಲ್ಲಿ ಪ್ರಕಟವಾಯಿತು. ಅದೇ ದಶಕದಲ್ಲಿ ಡಾಕ್ಟರ್ ನೀಲ್, ಡಾಕ್ಟರ್ ಪಿಗು ಎಂಬ ಇಬ್ಬರು ವೈದ್ಯರೂ, ಬಿಗ್ಸ್ ಎಂಬ ಸೇನಾಧಿಕಾರಿಯೂ ಮೈಸೂರು ಮತ್ತು ಧಾರವಾಡ ಸೀಮೆಗಳ ಗುಡಿಗಳನ್ನು ಚಿತ್ರಿಸಿದರು. ಇವರ ಚಿತ್ರಗಳ ದೊಡ್ಡ ಗ್ರಂಥ ೧೮೬೬ರಲ್ಲಿ ಲಂಡನ್ನಿನಲ್ಲಿ ಅಚ್ಚಾಯಿತು. ಅದಕ್ಕೆ ಇತಿಹಾಸದ ಭಾಗವನ್ನು ಮೆಡೋಸ್ ಟೇಲರ್ ಬರೆದ. ವಾಸ್ತುವಿನ ಟಿಪ್ಪಣಿಗಳನ್ನು ಫರ್ಗುಸನ್ ಬರೆದ.

ಇದರಲ್ಲಿ ಹೆಮ್ಮೆ ಪಡುವುದೂ ಉಂಟು, ನೊಂದುಕೊಳ್ಳುವುದೂ ಉಂಟು. ಇಷ್ಟು ಬೇಗ ಛಾಯಾಚಿತ್ರಕ್ಕೆ ನಿಂತ ಊರುಗಳು ಲೋಕದಲ್ಲಿ ಹೆಚ್ಚಿಲ್ಲ. ಆದರೆ ಕಲ್ಲು ನಮ್ಮದು, ಬಿಸಿಲು ನಮ್ಮದು, ಕಣ್ಣು ಮಾತ್ರ ಪರರದು. ಬೇಲೂರಿನ ಮದನಿಕೆಯರ ಕೆಳಗೆ ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ತಮ್ಮ ಹೆಸರು ಕೆತ್ತಿದ್ದಾರೆ. ಚನ್ನರಾಯಪಟ್ಟಣ ತಾಲ್ಲೂಕಿನ ನುಗ್ಗೇಹಳ್ಳಿಯಲ್ಲಿ, ೧೨೪೬ರಲ್ಲಿ ಕಟ್ಟಿದ ಲಕ್ಷ್ಮೀನರಸಿಂಹ ದೇವಾಲಯದಲ್ಲಿ, ಬೈಚೋಜನ ಹೆಸರೂ ಮಲ್ಲಿತಮ್ಮನ ಹೆಸರೂ ಇವೆ. ಎಂಟೊಂಬತ್ತು ನೂರು ವರ್ಷಗಳ ಹಿಂದಿನ ಶಿಲ್ಪಿಗಳ ಹೆಸರನ್ನು ನಾವು ಬಲ್ಲೆವು. ಓಕ್ಲಿಯ ಪೆಟ್ಟಿಗೆಗಳನ್ನು ಹೊತ್ತು, ನೀರು ತಂದು, ಗುಡಾರ ಕಟ್ಟಿಕೊಟ್ಟ ನಮ್ಮ ಜನ ಯಾರೋ ಇದ್ದಿರಲೇಬೇಕು; ಅವರ ಹೆಸರು ಆ ಸಂಪುಟದ ಶೀರ್ಷಿಕೆಯಲ್ಲಿಲ್ಲ. ಕಲಿಸುವವರಿದ್ದರೆ ಕಲಿಯುವ ಜನ ನಮ್ಮಲ್ಲಿ ಇರಲಿಲ್ಲವೆ?

ಇದ್ದರು. ಕಲಿಸುವ ಕಡೆ ಕಲಿತರು ಕೂಡ. ಮುಂಬಯಿಯ ಎಲ್ಫಿನ್‌ಸ್ಟನ್ ಸಂಸ್ಥೆಯಲ್ಲಿ ೧೮೫೫ರಲ್ಲಿಯೇ ಛಾಯಾಗ್ರಹಣದ ತರಗತಿ ಆರಂಭವಾಯಿತು. ಅಲ್ಲಿ ಕಲಿತ ಹರಿಚಂದ್ ಚಿಂತಾಮಣ್ ಮುಂದೆ ಹೆಸರಾದ ಛಾಯಾಗ್ರಾಹಕರಾದರು. ಮದರಾಸಿನಲ್ಲಿ ಡಾಕ್ಟರ್ ಹಂಟರ್ ೧೮೫೦ರಲ್ಲಿ ತೆರೆದ ಕಲಾಶಾಲೆಯಲ್ಲಿಯೂ ಅದೇ ದಶಕದಲ್ಲಿ ಈ ಪಾಠ ನಡೆಯಿತು. ಮದರಾಸು ಸರ್ಕಾರದ ಛಾಯಾಗ್ರಾಹಕನಾಗಿದ್ದ ಟ್ರೈಪ್ ಎಂಬವನು ಮೇಣ ಹಚ್ಚಿದ ಕಾಗದದ ನೆಗೆಟಿವುಗಳಲ್ಲಿ ಮಧುರೆ, ತಂಜಾವೂರುಗಳ ಗೋಪುರಗಳನ್ನು ಹಿಡಿದ. ಅವನ ಬಳಿಯೂ ಹಂಟರನ ಬಳಿಯೂ ಪಳಗಿದ ಅಯ್ಯಾಸ್ವಾಮಿ ಎಂಬ ತಮಿಳರು ಆಮೇಲೆ ಸ್ವತಂತ್ರವಾಗಿ ಮಹಾಬಲಿಪುರವನ್ನು ಚಿತ್ರಿಸಿದರು. ಅಂದರೆ, ಶಾಲೆಯೊಂದು ಬಾಗಿಲು ತೆರೆದ ಕೆಲವೇ ವರ್ಷಗಳಲ್ಲಿ ಹೊರೆ ಹೊರುತ್ತಿದ್ದ ಕೈ ಕ್ಯಾಮರಾ ಹಿಡಿಯುವ ಕೈ ಆಯಿತು. ಕಾಲೇಜು ಏಕೆ ಬೇಕು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉತ್ತರ ನನಗೆ ತಿಳಿಯದು.

ನಮ್ಮ ಮೈಸೂರು ಸಂಸ್ಥಾನದಲ್ಲಿ ಅಂಥ ಬಾಗಿಲು ತೆರೆಯುವುದು ತಡವಾಯಿತು. ಆ ಮಧ್ಯಕಾಲದಲ್ಲಿ ಕಲಿಯುವವರಿಗೆ ಇದ್ದ ದಾರಿ ಮುಖ್ಯವಾಗಿ ಎರಡು: ಒಂದು ಸರ್ಕಾರದ ಇಲಾಖೆ, ಇನ್ನೊಂದು ಪೇಟೆಯ ಸ್ಟುಡಿಯೋ.

ಇಲಾಖೆ ಎಂದಾಗ ಆರ್. ನರಸಿಂಹಾಚಾರ್ಯರನ್ನು ನೆನೆಯಬೇಕು. 'ಕರ್ನಾಟಕ ಕವಿಚರಿತೆ'ಯ ಕರ್ತೃವೆಂದು ಅವರನ್ನು ಕನ್ನಡಿಗರೆಲ್ಲ ಬಲ್ಲರು. ಆ ಮಹನೀಯರೇ ೧೯೦೬ರಿಂದ ೧೯೨೨ರವರೆಗೆ ಮೈಸೂರಿನ ಪುರಾತತ್ವ ಇಲಾಖೆಯ ಮುಖ್ಯಸ್ಥರಾಗಿದ್ದರು. ಸೋಮನಾಥಪುರದ ದೇವಾಲಯದ ಮೇಲೆ ೧೯೧೭ರಲ್ಲಿ, ಬೇಲೂರು ಮತ್ತು ದೊಡ್ಡಗದ್ದವಳ್ಳಿಯ ದೇವಾಲಯಗಳ ಮೇಲೆ ೧೯೧೯ರಲ್ಲಿ ಅವರು ಪ್ರತ್ಯೇಕ ಗ್ರಂಥಗಳನ್ನು ಹೊರಡಿಸಿದರು. ಅವುಗಳಲ್ಲಿ ಬರಹದಷ್ಟೇ ಚಿತ್ರಫಲಕಗಳಿಗೂ ಬೆಲೆ. ಶಾಸನದ ಅಕ್ಷರ ಓದುವ ಪಂಡಿತರು ಛಾಯಾಚಿತ್ರವನ್ನೂ ಒಂದು ಶಾಸನವೆಂದೇ ಭಾವಿಸಿದರು.

ಆ ಭಾವನೆಯ ಫಲ ನಮಗೆ ಈಚೆಗೆ ತಿಳಿಯಿತು. ದೊಡ್ಡಗದ್ದವಳ್ಳಿ ಇರುವುದು ಹಾಸನ ತಾಲ್ಲೂಕಿನಲ್ಲಿ. ಅಲ್ಲಿಯ ಲಕ್ಷ್ಮೀದೇವಿ ದೇವಾಲಯ ಹನ್ನೆರಡನೆಯ ಶತಮಾನದ ಆರಂಭದ್ದು. ೨೦೨೦ರ ನವೆಂಬರಿನಲ್ಲಿ ಅಲ್ಲಿಯ ಕಾಳಿಯ ಪ್ರಾಚೀನ ವಿಗ್ರಹ ಒಡೆದು ಬಿದ್ದಿರುವುದು ಕಂಡುಬಂತು. ಸುದ್ದಿ ಕೇಳಿ ಅನೇಕರು ಕಣ್ಣೀರಿಟ್ಟರು. ಒಂದು ವಿಗ್ರಹ ಒಡೆದಾಗ ಅದು ಮೊದಲು ಹೇಗಿತ್ತು ಎಂದು ಹೇಳುವವರು ಯಾರು? ನೆನಪು ಬಾಯಿಂದ ಬಾಯಿಗೆ ಬದಲಾಗುತ್ತದೆ. ಯಾರೋ ಹಿಂದೊಂದು ದಿನ ತಾಳ್ಮೆಯಿಂದ, ಸರಿಯಾದ ಬೆಳಕಿಗಾಗಿ ಕಾದು ತೆಗೆದ ಚಿತ್ರ ಬದಲಾಗುವುದಿಲ್ಲ. ಹಾಗೆ ಕಾಯುವುದನ್ನು ಕಲಿಸುವುದೇ ಈ ವಿದ್ಯೆಯ ಮೊದಲ ಪಾಠ.

ಇನ್ನು ಸ್ಟುಡಿಯೋ. ಹಾಸನ, ಅರಕಲಗೂಡು, ಚನ್ನರಾಯಪಟ್ಟಣದ ಪೇಟೆಬೀದಿಗಳ ಹಳೆಯ ಸ್ಟುಡಿಯೋಗಳನ್ನು ನನ್ನ ವಯಸ್ಸಿನವರು ಮರೆತಿರಲಾರರು. ಬಣ್ಣ ಬಳಿದ ಪರದೆ, ಕೈಯಿಲ್ಲದ ಒಂದು ಕುರ್ಚಿ, ಬಾಚಣಿಗೆ ಸಿಕ್ಕಿಸಿದ ಕನ್ನಡಿ, ಒಳಗೆ ಕೆಂಪು ದೀಪದ ಕತ್ತಲೆ ಕೋಣೆ, ಹೈಪೋದ ವಾಸನೆ. ಅಲ್ಲಿ ಸೇರಿದ ಹುಡುಗ ಮೊದಲು ನೆಲ ಗುಡಿಸುತ್ತಿದ್ದ. ಆಮೇಲೆ ಪ್ರಿಂಟುಗಳನ್ನು ತೊಳೆದು ಒಣಹಾಕುತ್ತಿದ್ದ. ಆಮೇಲೆ ನೆಗೆಟಿವಿನ ಮೇಲೆ ಸಣ್ಣ ಪೆನ್ಸಿಲಿನಿಂದ ಮುಖದ ಕಲೆ ಮರೆಮಾಡುವುದನ್ನು ಕಲಿಯುತ್ತಿದ್ದ. ಕ್ಯಾಮರಾ ಅವನ ಕೈಗೆ ಬರುವ ಹೊತ್ತಿಗೆ ಎರಡು ಮೂರು ವರ್ಷ ಸಂದಿರುತ್ತಿತ್ತು. ಸಂಬಳ ಅಷ್ಟಕ್ಕಷ್ಟೆ. ಆದರೆ ದಾಸೋಜನಿಂದ ಚಾವಣನಿಗೆ ಉಳಿಯ ವಿದ್ಯೆ ಬಂದದ್ದೂ ಹೀಗೆಯೇ ಅಲ್ಲವೆ?

ಅಂಥ ಒಬ್ಬರಿಗೆ ನಮ್ಮ ಮನೆತನ ಋಣಿಯಾಗಿದೆ. ನನ್ನ ತಾಯಿಯ ತವರು ಹೇಮಾವತಿಯ ದಡದ ಒಂದು ಸಣ್ಣ ಹಳ್ಳಿ. ಗೊರೂರಿನ ಅಣೆಕಟ್ಟು ೧೯೭೯ರಲ್ಲಿ ಮುಗಿಯಿತು. ಹಳ್ಳಿ ನೀರಿನಲ್ಲಿ ಮುಳುಗಿತು. ಅದಕ್ಕೆ ಕೆಲವು ವರ್ಷ ಮೊದಲು ಸೋದರಮಾವನ ಮದುವೆಗೆ ಅರಕಲಗೂಡಿನಿಂದ ಒಬ್ಬ ಫೋಟೋದವರು ಮೂರುಕಾಲಿನ ಸ್ಟ್ಯಾಂಡು ಹೊತ್ತು ಬಸ್ಸಿನಲ್ಲಿ ಬಂದಿದ್ದರು. ಎಲ್ಲರನ್ನೂ ಚಪ್ಪರದ ಕೆಳಗೆ ನಿಲ್ಲಿಸಬೇಕೆಂದು ಹಿರಿಯರು ಹೇಳಿದರಂತೆ. ಅವರು ಒಪ್ಪಲಿಲ್ಲ, ಅಲ್ಲಿ ಬೆಳಕು ಸಾಲದು, ಮನೆಯ ಜಗಲಿಗೆ ಬನ್ನಿ ಎಂದರಂತೆ. ಹೀಗಾಗಿ ಆ ಒಂದೇ ಒಂದು ಚಿತ್ರದಲ್ಲಿ ಜನರ ಹಿಂದೆ ಮನೆಯ ಎರಡು ಕಂಬಗಳೂ, ಹೊಸಿಲೂ, ದೀಪದ ಗೂಡೂ ಉಳಿದಿವೆ. ನನ್ನ ತಾಯಿ ಆ ಚಿತ್ರ ತೆಗೆದಾಗಲೆಲ್ಲ ಜನರ ಮುಖವನ್ನು ನೋಡುತ್ತಿರಲಿಲ್ಲ. ಕಂಬದ ಮೇಲೆ ಬೆರಳಿಡುತ್ತಿದ್ದರು. ಶೆಟ್ಟಿಹಳ್ಳಿಯಲ್ಲಿ ಫ್ರೆಂಚ್ ಪಾದ್ರಿಗಳು ಕಟ್ಟಿಸಿದ ಹಳೆಯ ಇಗರ್ಜಿ ಅದೇ ಜಲಾಶಯದಲ್ಲಿ ಮಳೆಗಾಲಕ್ಕೆ ಮುಳುಗಿ ಬೇಸಗೆಗೆ ಏಳುತ್ತದೆ. ಅದರ ಚಿತ್ರ ತೆಗೆಯಲು ದೂರದೂರದಿಂದ ಬರುತ್ತಾರೆ. ಮುಳುಗಿ ಮತ್ತೆ ಏಳದ ಮನೆಗಳ ಚಿತ್ರ ಎಷ್ಟು ಜನರ ಬಳಿ ಇದೆ? ಆ ಫೋಟೋದವರು ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲ. ಆದರೆ ಬೆಳಕು ಸಾಲದು ಎಂದು ಹಿರಿಯರೆದುರು ಹೇಳುವಷ್ಟು ವಿದ್ಯೆ ಅವರಿಗಿತ್ತು.

ಮೈಸೂರು ಸಂಸ್ಥಾನದಲ್ಲಿ ಶಾಲೆಯ ಬಾಗಿಲು ತೆರೆದದ್ದು ೧೯೪೩ರಲ್ಲಿ. ಓಕ್ಲಿ ಹಳೇಬೀಡಿಗೆ ಬಂದು ೮೭ ವರ್ಷಗಳಾದ ಮೇಲೆ, ಜಯಚಾಮರಾಜೇಂದ್ರ ಒಡೆಯರ ಕಾಲದಲ್ಲಿ, ಬೆಂಗಳೂರಿನ ಶ್ರೀ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್ ಎಂದು ಹೆಸರಾದ ಸಂಸ್ಥೆಯಲ್ಲಿ ಚಲನಚಿತ್ರ ಛಾಯಾಗ್ರಹಣದ ಮತ್ತು ಧ್ವನಿಗ್ರಹಣದ ಶಿಕ್ಷಣ ಆರಂಭವಾಯಿತು. ಪುಣೆಯ ಪ್ರಸಿದ್ಧ ಚಲನಚಿತ್ರ ಸಂಸ್ಥೆ ಹುಟ್ಟಿದ್ದು ೧೯೬೦ರಲ್ಲಿ. ನಮ್ಮದು ಅದಕ್ಕಿಂತ ಹದಿನೇಳು ವರ್ಷ ಹಿರಿಯದು. ಈ ವಿಭಾಗವೇ ಮುಂದೆ ಹೆಸರಘಟ್ಟದ ಸರ್ಕಾರಿ ಚಲನಚಿತ್ರ ಮತ್ತು ಟೆಲಿವಿಷನ್ ಸಂಸ್ಥೆಯಾಯಿತು.

ಇಲ್ಲಿ ಇತಿಹಾಸ ಒಂದು ಸ್ವಾರಸ್ಯವಾದ ನಿದರ್ಶನವನ್ನು ಇಟ್ಟಿದೆ. ೧೯೨೩ರಲ್ಲಿ, ಒಂದು ತಿಂಗಳೊಳಗೆ, ಮೈಸೂರು ಪಟ್ಟಣದಲ್ಲಿ ಇಬ್ಬರು ಮಕ್ಕಳು ಹುಟ್ಟಿದರು. ಒಬ್ಬರು ವಿ. ಕೆ. ಮೂರ್ತಿ, ಇನ್ನೊಬ್ಬರು ಟಿ. ಎಸ್. ಸತ್ಯನ್. ಇಬ್ಬರೂ ಕ್ಯಾಮರಾ ಹಿಡಿದೇ ಲೋಕವಿಖ್ಯಾತರಾದರು. ಒಬ್ಬರು ಛಾಯಾಗ್ರಹಣದ ಶಾಲೆಗೆ ಹೋದರು, ಇನ್ನೊಬ್ಬರು ಹೋಗಲಿಲ್ಲ.

ಮೂರ್ತಿಯವರು ಬೆಂಗಳೂರಿನ ಪಾಲಿಟೆಕ್ನಿಕ್‌ನಲ್ಲಿ ಕಲಿತು ೧೯೪೬ರಲ್ಲಿ ಡಿಪ್ಲೊಮಾ ಪಡೆದರು. ಮುಂಬಯಿಗೆ ಹೋಗಿ ಗುರುದತ್ತರ ಚಿತ್ರಗಳಿಗೆ ಛಾಯಾಗ್ರಾಹಕರಾದರು. ೧೯೫೯ರ 'ಕಾಗಜ್ ಕೆ ಫೂಲ್' ಭಾರತದ ಮೊದಲ ಸಿನಿಮಾಸ್ಕೋಪ್ ಚಿತ್ರ. ಅದರ ಒಂದು ಹಾಡಿನಲ್ಲಿ ಕತ್ತಲ ಸ್ಟುಡಿಯೋದೊಳಗೆ ಮೇಲಿನಿಂದ ಬೆಳಕಿನ ಒಂದು ಕೋಲು ಇಳಿಯುತ್ತದೆ. ದೊಡ್ಡ ದೀಪಗಳಿಂದ ಆಗದ ಆ ಕೆಲಸವನ್ನು ಮೂರ್ತಿಯವರು ಕನ್ನಡಿಗಳಿಂದ ಮಾಡಿದರು. ಹೊರಗಿನ ಬಿಸಿಲನ್ನು ಒಂದು ಕನ್ನಡಿಯಿಂದ ಇನ್ನೊಂದಕ್ಕೆ ಹಾಯಿಸಿ ಒಳಗೆ ತಂದರು. ೨೦೦೮ನೆಯ ಸಾಲಿನ ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ಅವರಿಗೆ ಸಂದಿತು. ಛಾಯಾಗ್ರಾಹಕರೊಬ್ಬರಿಗೆ ಆ ಗೌರವ ದೊರೆತದ್ದು ಅದೇ ಮೊದಲು. ಅದೇ ಪಾಲಿಟೆಕ್ನಿಕ್‌ನಲ್ಲಿ ೧೯೬೨ರಲ್ಲಿ ತೇರ್ಗಡೆಯಾದ ಗೋವಿಂದ ನಿಹಲಾನಿ ಮೂರ್ತಿಯವರ ಸಹಾಯಕರಾಗಿ ಪಳಗಿ, ಮುಂದೆ ನಮ್ಮ ಕನ್ನಡದ 'ಕಾಡು' ಚಿತ್ರಕ್ಕೂ ಕ್ಯಾಮರಾ ಹಿಡಿದರು. ಶಾಲೆ ಮುಗಿದ ಮೇಲೂ ಗುರು ಬೇಕೆಂಬುದಕ್ಕೆ ಇದು ಸಾಕ್ಷಿ.

ಸತ್ಯನ್ ಅವರದು ಬೇರೆ ದಾರಿ. ಅವರು ಓದಿದ್ದು ಮೈಸೂರಿನ ಮಹಾರಾಜ ಕಾಲೇಜಿನಲ್ಲಿ, ಬಿ.ಎ. ತರಗತಿಯಲ್ಲಿ. ಅಲ್ಲಿ ಕತ್ತಲೆ ಕೋಣೆಯ ಪಾಠವಿರಲಿಲ್ಲ, ಸಾಹಿತ್ಯದ ಪಾಠವಿತ್ತು. ೧೯೪೮ರಲ್ಲಿ 'ಡೆಕ್ಕನ್ ಹೆರಾಲ್ಡ್' ಆರಂಭವಾದಾಗ ಆ ಪತ್ರಿಕೆಯ ಛಾಯಾಗ್ರಾಹಕರಾದರು. ಮುಂದೆ ಊರೂರು ಅಲೆದು ಸಾಮಾನ್ಯ ಜನರ ಬಾಳನ್ನು ಚಿತ್ರಿಸಿದರು. ೧೯೭೯ರ ಅಂತರರಾಷ್ಟ್ರೀಯ ಮಕ್ಕಳ ವರ್ಷದಲ್ಲಿ ಅವರ ಮಕ್ಕಳ ಚಿತ್ರಗಳು ನ್ಯೂಯಾರ್ಕಿನ ವಿಶ್ವಸಂಸ್ಥೆಯ ಕಛೇರಿಯಲ್ಲಿ ಪ್ರದರ್ಶನಗೊಂಡವು. ಅದಕ್ಕೆ ಎರಡು ವರ್ಷ ಮೊದಲೇ ಅವರಿಗೆ ಪದ್ಮಶ್ರೀ ಬಂದಿತ್ತು.

ಹಾಗಾದರೆ ಶಾಲೆ ಬೇಕೆ, ಬೇಡವೆ? ಅವಸರದ ತೀರ್ಮಾನ ಸಲ್ಲದು. ಮೂರ್ತಿಯವರ ಕೆಲಸ ದೀಪ, ಮಸೂರ, ಫಿಲ್ಮು, ರಸಾಯನ, ಹತ್ತಾರು ಜನರ ತಂಡ, ಇವುಗಳ ನಡುವಣದು. ಅದನ್ನು ಒಬ್ಬಂಟಿಯಾಗಿ ಕಲಿಯುವುದು ಬಡವನ ಮಗನಿಗೆ ಅಸಾಧ್ಯವಾಗಿತ್ತು. ಸತ್ಯನ್ ಅವರ ಕೆಲಸಕ್ಕೆ ಒಂದು ಕ್ಯಾಮರಾ, ಎರಡು ಕಾಲು, ಮನುಷ್ಯರ ಮೇಲೆ ಪ್ರೀತಿ ಬೇಕಿತ್ತು. ಪ್ರೀತಿಯನ್ನು ಅವರು ತಮ್ಮ ನಾಡಿನಿಂದಲೂ ಓದಿನಿಂದಲೂ ಪಡೆದರು. ಆದ್ದರಿಂದ ಯಾವ ಕಾಲೇಜು ಎಂದು ಕೇಳುವ ಮೊದಲು, ಯಾವ ಕೆಲಸ ಎಂದು ಹುಡುಗ ತನ್ನನ್ನೇ ಕೇಳಿಕೊಳ್ಳಬೇಕು. ಚಲನಚಿತ್ರವೆ? ಪತ್ರಿಕೆಯೆ? ಊರಿನ ಸ್ಟುಡಿಯೋವೆ? ಗುಡಿ ಶಾಸನಗಳ ದಾಖಲೆಯೆ?

ಹೆಸರಘಟ್ಟದ ಸಂಸ್ಥೆ ಚಲನಚಿತ್ರದವರಿಗೆ. ಇನ್ನೊಂದು ಬಾಗಿಲು ಮೈಸೂರಿನಲ್ಲಿದೆ. ೧೯೦೬ರಲ್ಲಿ ಅಡಿಗಲ್ಲು ಬಿದ್ದ ಚಾಮರಾಜೇಂದ್ರ ತಾಂತ್ರಿಕ ಸಂಸ್ಥೆಯ ಪರಂಪರೆಯಿಂದ ೧೯೮೦ರ ದಶಕದ ಆರಂಭದಲ್ಲಿ ಚಾಮರಾಜೇಂದ್ರ ದೃಶ್ಯಕಲಾ ಅಕಾಡೆಮಿ ಮೂಡಿತು. ಜನ ಅದನ್ನು 'ಕಾವಾ' ಎನ್ನುತ್ತಾರೆ. ಚಿತ್ರಕಲೆ, ಶಿಲ್ಪ, ಗ್ರಾಫಿಕ್ಸ್, ಅನ್ವಯಿಕ ಕಲೆಗಳ ಜೊತೆಗೆ ಛಾಯಾಗ್ರಹಣ ಮತ್ತು ಛಾಯಾಪತ್ರಿಕೋದ್ಯಮದ ಪದವಿಯೂ ಅಲ್ಲಿ ಉಂಟು. ಶಿಲ್ಪ ಕಡೆಯುವವನ ಪಕ್ಕದಲ್ಲಿ ಕುಳಿತು ಬೆಳಕು ನೋಡುವುದನ್ನು ಕಲಿಯುವುದು ಹಾಸನದ ಹುಡುಗನಿಗೆ ಅನುಚಿತವೇನಲ್ಲ. ಇವಲ್ಲದೆ ಬೆಂಗಳೂರು ಮೊದಲಾದ ಪಟ್ಟಣಗಳಲ್ಲಿ ಖಾಸಗಿ ಸಂಸ್ಥೆಗಳು ಅನೇಕ ಇವೆ. ಒಳ್ಳೆಯವೂ ಇವೆ, ಆದರೆ ಕಣ್ಣಿಟ್ಟು ಆರಿಸಬೇಕು.

ಈ ಎಚ್ಚರಿಕೆಯ ಹಿಂದೆ ನನ್ನದೇ ಒಂದು ತಪ್ಪಿದೆ. ಕೆಲವು ವರ್ಷಗಳ ಹಿಂದೆ ಚನ್ನರಾಯಪಟ್ಟಣದ ಕಡೆಯ ನನ್ನ ವಿದ್ಯಾರ್ಥಿಯೊಬ್ಬ ಪಟ್ಟಣದ ಒಂದು ಖಾಸಗಿ ಸಂಸ್ಥೆಗೆ ಸೇರಿದ. ಅವರ ಪರಿಚಯಪತ್ರ ಬಹಳ ಅಂದವಾಗಿ ಅಚ್ಚಾಗಿತ್ತು. ತಂದೆ ಮುಂದಿನ ವರ್ಷದ ತೆಂಗಿನ ಫಸಲಿನ ಮೇಲೆ ಸಾಲ ಮಾಡಿ ಶುಲ್ಕ ಕಟ್ಟಿದರು. ಅಲ್ಲಿ ನೋಡಿದರೆ ಇಡೀ ತರಗತಿಗೆ ಎರಡು ಕ್ಯಾಮರಾ, ಕಲಿಸುವವರು ತಿಂಗಳಿಗೊಬ್ಬರು. ಒಂದು ವರ್ಷಕ್ಕೆ ಹುಡುಗ ಹಿಂದಿರುಗಿದ. ಆಮೇಲೆ ಊರಿನ ಸ್ಟುಡಿಯೋದಲ್ಲಿಯೇ ಪಳಗಿ ಈಗ ಚೆನ್ನಾಗಿದ್ದಾನೆ. ಸಾಲ ಮಾತ್ರ ಬಹುಕಾಲ ಉಳಿಯಿತು. ಸೇರುವ ಮೊದಲು ಅವನು ನನ್ನ ಬಳಿ ಬಂದಿದ್ದ. ನಾನು ಒಂದು ಪ್ರಶ್ನೆಯನ್ನೂ ಕೇಳದೆ ಗುಣಪತ್ರ ಬರೆದು ಹರಸಿ ಕಳಿಸಿದ್ದೆ. ಉಪಾಧ್ಯಾಯನ ಹರಕೆಗಿಂತ ಉಪಾಧ್ಯಾಯನ ವಿಚಾರಣೆ ಹೆಚ್ಚು ಉಪಕಾರಿ ಎಂದು ಅಂದು ಕಲಿತೆ.

ವಾರ ಕಳೆದ ಮೇಲೆ ತಂದೆ ಮಗ ಮತ್ತೆ ಬಂದರು. ಈ ಸಲ ಪ್ರಶ್ನೆಗಳನ್ನು ಸಿದ್ಧಮಾಡಿಟ್ಟುಕೊಂಡಿದ್ದೆ. "ಗೌಡ್ರೇ, ಸೇರಿಸುವ ಮೊದಲು ನೀವೇ ಹೋಗಿ ನೋಡಿ" ಎಂದೆ. "ರಜಾದಿನ ಬೇಡ, ಪಾಠ ನಡೆಯುವ ದಿನವೇ ಹೋಗಿ. ಗೋಡೆಯ ಮೇಲೆ ತೂಗುಹಾಕಿದ ಚಿತ್ರ ಸಾಲದು. ಹೋದ ವರ್ಷದ ಹುಡುಗರು ತೆಗೆದದ್ದನ್ನು ತೋರಿಸಿ ಎನ್ನಿ. ಕಲಿಸುವವರು ತಾವು ಏನು ತೆಗೆದಿದ್ದಾರೆ ಎಂದು ಕೇಳಿ. ಒಬ್ಬ ಹುಡುಗನಿಗೆ ವಾರಕ್ಕೆ ಎಷ್ಟು ಗಂಟೆ ಕ್ಯಾಮರಾ ಸಿಗುತ್ತದೆ, ದೀಪದ ಕೋಣೆ ಉಂಟೆ, ಪದವಿಗೆ ಯಾವ ವಿಶ್ವವಿದ್ಯಾನಿಲಯದ ಮುದ್ರೆ ಬೀಳುತ್ತದೆ, ಶುಲ್ಕದ ಮೇಲೆ ಕ್ಯಾಮರಾಕ್ಕೆ ಬೇರೆ ಹಣ ಬೇಕೆ, ಎಲ್ಲವನ್ನೂ ಸೇರುವ ಮುಂಚೆಯೇ ಕೇಳಿ. ಹೊರಗೆ ಟೀ ಅಂಗಡಿಯಲ್ಲಿ ಕೊನೆಯ ವರ್ಷದ ಹುಡುಗರು ಸಿಕ್ಕರೆ ಅವರನ್ನು ಕೇಳಲು ಮರೆಯಬೇಡಿ."

ಹುಡುಗನ ಕಡೆ ತಿರುಗಿ, "ಏನಪ್ಪ, ನೀನು ತೆಗೆದದ್ದೇನಾದರೂ ಉಂಟೆ?" ಎಂದೆ. ಅವನು ಸಂಕೋಚದಿಂದ ಫೋನು ಮುಂದಿಟ್ಟ. ಅವನ ಅಜ್ಜಿ ಬಿತ್ತನೆಯ ಆಲೂಗೆಡ್ಡೆ ಆರಿಸುತ್ತಿದ್ದ ಚಿತ್ರ. ಮುಖ ಕತ್ತಲಲ್ಲಿದೆ, ಬಾಗಿಲಿನಿಂದ ಬಂದ ಬೆಳಕು ಎರಡು ಕೈಗಳ ಮೇಲೆ ಮಾತ್ರ ಬಿದ್ದಿದೆ. "ಮುಖ ಕಾಣೋ ಹಾಗೆ ಯಾಕೆ ತೆಗೀಲಿಲ್ಲ?" ಎಂದೆ. "ಅಜ್ಜಿ ಕೈ ನೋಡ್ಬೇಕು ಅನ್ನಿಸ್ತು ಸಾರ್" ಎಂದ. ತಂದೆ ಫೋನನ್ನು ಕೈಗೆ ತೆಗೆದುಕೊಂಡು ಬಹಳ ಹೊತ್ತು ನೋಡಿದರು. ಅದು ಅವರ ತಾಯಿಯ ಕೈ.

ಅರಕಲಗೂಡಿನವರಿಗೆ ಬಸ್ಸೇ ಗತಿ. ೨೦೧೭ರಿಂದ ಚನ್ನರಾಯಪಟ್ಟಣದವರಿಗೆ ಬೆಂಗಳೂರಿನ ಕಡೆಗೆ ರೈಲುಂಟು. ಹೊಳೆನರಸೀಪುರದವರಿಗೆ ಮೈಸೂರಿನ ರೈಲು ಊರ ಮೇಲೆಯೇ ಹೋಗುತ್ತದೆ. ತಂದೆ ಎದ್ದು ನಿಂತು ಹೆಗಲ ಮೇಲಿನ ಟವೆಲು ಸರಿಮಾಡಿಕೊಂಡರು. "ಸೋಮವಾರ ಕಾಲೇಜು ಇರುತ್ತಲ್ವಾ ಮೇಷ್ಟ್ರೇ?" ಎಂದು ಕೇಳಿದರು.

ಇರುತ್ತದೆ ಎಂದೆ.